ವೃತ್ತಿಯೂ ನೇತೃತ್ವವೂ: ನಮ್ಮ ಸೀಮೆಯ ಇತಿಹಾಸ ಹೇಳುವುದೇನು?

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಲು ಬರುವ ಪಾಲಕರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ‘ಗುರುಗಳೇ, ಇಲ್ಲಿ ಕಲಿತರೆ ನಮ್ಮ ಹುಡುಗ ಮುಂದೆ ಏನಾದಾನು?’ ಇಚಲಕರಂಜಿಯ ಮಗ್ಗದ ಮನೆಯವರೂ ಕೇಳುತ್ತಾರೆ, ಗಡಹಿಂಗ್ಲಜದ ಪೇಟೆಗೆ ಮೆಣಸಿನಕಾಯಿ, ಬೆಲ್ಲ ತರುವ ರೈತರೂ ಕೇಳುತ್ತಾರೆ, ಕೊಲ್ಹಾಪುರದಲ್ಲಿ ನೌಕರಿಗಿರುವವರೂ ಕೇಳುತ್ತಾರೆ. ಚುನಾವಣೆ ಬಂದಾಗ ಇದೇ ಪ್ರಶ್ನೆಯನ್ನು ನಾವು ತಿರುವಿ ಕೇಳುತ್ತೇವೆ: ‘ಈ ಅಭ್ಯರ್ಥಿ ಇದುವರೆಗೆ ಏನಾಗಿದ್ದರು? ವಕೀಲರೋ, ವೈದ್ಯರೋ, ಇಂಜಿನಿಯರರೋ, ವ್ಯಾಪಾರಿಗಳೋ?’ ಎರಡೂ ಪ್ರಶ್ನೆಗಳ ಹಿಂದೆ ಒಂದೇ ನಂಬಿಕೆ ಇದೆ. ಮನುಷ್ಯನ ವೃತ್ತಿಯನ್ನು ತಿಳಿದರೆ ಅವನು ನಾಡನ್ನು ಹೇಗೆ ನಡೆಸಿಯಾನು ಎಂಬುದನ್ನು ಮುಂಗಂಡು ಹೇಳಬಹುದು ಎಂಬುದೇ ಆ ನಂಬಿಕೆ.

ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ನಂಬಿಕೆಯನ್ನು ನಮ್ಮ ಸೀಮೆಯ ಇತಿಹಾಸದ ಬೆಳಕಿನಲ್ಲಿ ಪರೀಕ್ಷಿಸಬೇಕೆಂದು ನಾವು ಬಯಸಿದೆವು. ಅದಕ್ಕೆ ಬೇಕಾದ ಸಾಮಗ್ರಿಯನ್ನು ದೂರದಿಂದ ತರಬೇಕಾಗಿಲ್ಲ. ಪಂಚಗಂಗೆಯ ದಂಡೆಯಲ್ಲಿ ಆಳಿದವರು, ಕಲಿತವರು, ಹೋರಾಡಿದವರು ರಾಷ್ಟ್ರದ ಉನ್ನತ ಪೀಠಗಳನ್ನೇರಿದ್ದಾರೆ, ಇಲ್ಲವೆ ಅಲ್ಲಿಗೇರುವವರನ್ನು ಮೊದಲೇ ಗುರುತಿಸಿದ್ದಾರೆ. ‘ಯಶಸ್ಸು’ ಎಂಬ ಪದವನ್ನು ನಾವು ಇಲ್ಲಿ ಚುನಾವಣೆಯ ಗೆಲುವಿಗಾಗಲಿ ಅಧಿಕಾರದಲ್ಲಿದ್ದ ವರ್ಷಗಳಿಗಾಗಲಿ ಬಳಸುತ್ತಿಲ್ಲ. ತನ್ನ ಕಾಲ ಒಡ್ಡಿದ ಪರೀಕ್ಷೆಯಲ್ಲಿ ನಾಯಕನು ನಿಂತನೇ, ಅವನ ಕೆಲಸ ಅವನ ನಂತರವೂ ಜನರಿಗೆ ಒದಗಿತೇ ಎಂಬುದೇ ನಮ್ಮ ಅಳತೆ.

ಮಾಣಗಾವದ ಸಭೆ

1920ರ ಮಾರ್ಚ್ 21 ಮತ್ತು 22ರಂದು ಇಚಲಕರಂಜಿಗೆ ಸಮೀಪದ ಮಾಣಗಾವದಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಅದರ ಅಧ್ಯಕ್ಷರು ಡಾ. ಭೀಮರಾವ್ ಅಂಬೇಡ್ಕರ್. ಆಗ ಅವರಿಗೆ ಇನ್ನೂ ಇಪ್ಪತ್ತೊಂಬತ್ತು ತುಂಬಿರಲಿಲ್ಲ. ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರು ಸ್ವತಃ ಆ ಸಭೆಗೆ ಬಂದರು. ಈ ತರುಣನು ಮುಂದೊಂದು ದಿನ ಇಡೀ ದೇಶದ ನಾಯಕನಾಗುವನೆಂಬ ಭರವಸೆಯನ್ನು ನೆರೆದ ಜನರ ಎದುರಿಗೆ ಅವರು ವ್ಯಕ್ತಪಡಿಸಿದರು. ನಾಯಕನೊಬ್ಬನ ಭವಿಷ್ಯವನ್ನು ಇಷ್ಟು ಮುಂಚೆ, ಇಷ್ಟು ಸರಿಯಾಗಿ ಕಂಡು ಹೇಳಿದ ಉದಾಹರಣೆ ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಬೇರೊಂದಿಲ್ಲ. ಹಾಗಾದರೆ ಮಹಾರಾಜರು ಏನನ್ನು ನೋಡಿ ಆ ಮಾತು ಹೇಳಿದರು?

ವೃತ್ತಿಯನ್ನು ನೋಡಿಯಂತೂ ಅಲ್ಲ. ಅಂಬೇಡ್ಕರರು ಅಂದಿಗೆ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅರ್ಧಕ್ಕೆ ನಿಂತಿದ್ದ ವ್ಯಾಸಂಗವನ್ನು ಮುಗಿಸಲು ಲಂಡನ್ನಿಗೆ ಮರಳುವ ಸಿದ್ಧತೆಯಲ್ಲಿದ್ದವರು. ಬ್ಯಾರಿಸ್ಟರ್ ಪದವಿ ಇನ್ನೂ ಮುಂದಿತ್ತು. ಅರ್ಥಶಾಸ್ತ್ರದ ಪ್ರಾಧ್ಯಾಪಕರು ದೇಶದಲ್ಲಿ ಬೇರೆಯವರೂ ಇದ್ದರು, ಅವರೆಲ್ಲ ನಾಯಕರಾಗಲಿಲ್ಲ. ಆದರೆ ಮಹಾರಾಜರ ಕಣ್ಣೆದುರಿಗೆ ಎರಡು ಕೆಲಸಗಳಿದ್ದವು. 1919ರಲ್ಲಿ ಮತದಾನದ ಹಕ್ಕನ್ನು ಕುರಿತು ವಿಚಾರಣೆ ನಡೆಸಿದ ಸೌತ್‌ಬರೋ ಸಮಿತಿಯ ಮುಂದೆ ಅಂಬೇಡ್ಕರರು ದಲಿತರ ಪರವಾಗಿ ಸಾಕ್ಷ್ಯ ನುಡಿದಿದ್ದರು. 1920ರ ಜನವರಿ 31ರಂದು ‘ಮೂಕನಾಯಕ’ ಪತ್ರಿಕೆ ಆರಂಭವಾಗಿತ್ತು. ಅದಕ್ಕೆ ಶಾಹೂ ಮಹಾರಾಜರ ಧನಸಹಾಯವೂ ಇತ್ತು. ಸಂಬಳದ ಕೆಲಸದ ಆಚೆಗೆ, ತನಗಾಗಿ ಮಾತನಾಡಲಾರದವರ ಪರವಾಗಿ ಈ ತರುಣನು ಏನು ಮಾಡುತ್ತಿದ್ದಾನೆಂಬುದನ್ನು ಮಹಾರಾಜರು ನೋಡಿದ್ದರು.

ಆ ಭವಿಷ್ಯವು ಹೇಗೆ ನಿಜವಾಯಿತೆಂಬುದು ಎಲ್ಲರಿಗೂ ಗೊತ್ತು. ಅಂಬೇಡ್ಕರರು ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು, ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿಯಾದರು. ಆದರೆ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, 1952ರಲ್ಲಿ, ಮುಂಬಯಿಯಿಂದ ಲೋಕಸಭೆಗೆ ನಿಂತು ಅವರು ಸೋತರು. ಗೆಲುವನ್ನೇ ಅಳತೆಗೋಲಾಗಿ ಹಿಡಿದರೆ ಅವರನ್ನು ವಿಫಲರೆಂದು ಕರೆಯಬೇಕಾದೀತು. ನಾವು ಮೇಲೆ ಹೇಳಿದ ಅಳತೆ ಏಕೆ ಅಗತ್ಯವೆಂಬುದಕ್ಕೆ ಇದೊಂದೇ ಸಂಗತಿ ಸಾಕು.

ಒಬ್ಬ ಗುರು, ಇಬ್ಬರು ಶಿಷ್ಯರು

ಅಂಬೇಡ್ಕರರನ್ನು ಗುರುತಿಸಿದ ಶಾಹೂ ಮಹಾರಾಜರಿಗೇ ವೃತ್ತಿಯೆಂಬುದು ಇರಲಿಲ್ಲ. 1874ರಲ್ಲಿ ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿ, 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತಕರಾಗಿ ಬಂದರು. 1894ರಲ್ಲಿ ಅಧಿಕಾರ ವಹಿಸಿಕೊಂಡರು. ಅವರ ವಿದ್ಯಾಭ್ಯಾಸದ ಒಂದು ಭಾಗ ನಮ್ಮ ಧಾರವಾಡದಲ್ಲಿ, ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯ ಮಾರ್ಗದರ್ಶನದಲ್ಲಿ ನಡೆಯಿತೆಂಬುದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿ. ಅದೇ ಫ್ರೇಜರರು ಮುಂದೆ ಮೈಸೂರಿಗೆ ಹೋಗಿ ಬಾಲಕ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. 1902ರ ಜುಲೈ 26ರಂದು ಶಾಹೂ ಮಹಾರಾಜರು ತಮ್ಮ ಸಂಸ್ಥಾನದ ನೌಕರಿಗಳಲ್ಲಿ ತೆರವಾಗುವ ಸ್ಥಾನಗಳ ಪೈಕಿ ಶೇಕಡಾ 50ನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಡುವ ಆಜ್ಞೆ ಹೊರಡಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ನಾಲ್ವಡಿಯವರು ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡರು.

ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು, ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಅಣೆಕಟ್ಟಿನ ಕೆಲಸ ಆರಂಭಿಸಿದರು, ಕೊಲ್ಹಾಪುರದಲ್ಲಿ ವಿವಿಧ ಜಾತಿಗಳ ಬಡ ವಿದ್ಯಾರ್ಥಿಗಳಿಗಾಗಿ ವಸತಿಗೃಹಗಳನ್ನು ತೆರೆಸಿದರು. ಅವರು ಶಿಕ್ಷಣತಜ್ಞರಲ್ಲ, ಇಂಜಿನಿಯರರಲ್ಲ, ಅರ್ಥಶಾಸ್ತ್ರಜ್ಞರೂ ಅಲ್ಲ. ಆದರೆ ಯಾರಿಗೆ ಏನು ಇಲ್ಲವೆಂಬುದನ್ನು ಕಂಡಿದ್ದರು. ಅದನ್ನು ಒದಗಿಸಬಲ್ಲ ತಜ್ಞರನ್ನು ಕರೆದು ಕೆಲಸ ವಹಿಸುವುದು ಅವರಿಗೆ ತಿಳಿದಿತ್ತು.

ಇದಕ್ಕೆ ಎದುರಾಗಿ ಮೈಸೂರಿನ ಉದಾಹರಣೆಯನ್ನಿಡಬಹುದು. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದಲ್ಲಿ ಇಂಜಿನಿಯರರಾಗಿ ದುಡಿದು, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ, 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಅಣೆಕಟ್ಟು, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾಲಯ ಇವೆಲ್ಲ ಆ ಕಾಲದ ಫಲಗಳು. ವೃತ್ತಿಯಲ್ಲಿ ಕಲಿತದ್ದು ಆಡಳಿತದಲ್ಲಿ ಹೇಗೆ ಫಲಿಸುತ್ತದೆ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಸಿಗದು. ಆದರೂ ಅವರ ದಿವಾನಗಿರಿ ಮುಗಿದದ್ದು ಯಾವುದೋ ಕಟ್ಟಡ ಬಿರುಕುಬಿಟ್ಟದ್ದರಿಂದಲ್ಲ. ಬ್ರಾಹ್ಮಣೇತರ ಸಮುದಾಯಗಳಿಗೆ ಸರಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ಅವರಿಗೂ ನಾಲ್ವಡಿಯವರಿಗೂ ಭಿನ್ನಾಭಿಪ್ರಾಯ ಬಂದಿತು. ಅಣೆಕಟ್ಟಿನ ಲೆಕ್ಕ ತಿಳಿದ ಆ ಮಹಾಮೇಧಾವಿಗೆ ಒಪ್ಪಿಗೆಯಾಗದಿದ್ದ ಒಂದು ಸಾಮಾಜಿಕ ಲೆಕ್ಕವು ಫ್ರೇಜರರ ಇಬ್ಬರು ಶಿಷ್ಯರಿಗೂ ಒಪ್ಪಿಗೆಯಾಗಿತ್ತು. ಇದರಿಂದ ವಿಶ್ವೇಶ್ವರಯ್ಯನವರ ಹಿರಿಮೆ ಕುಂದುವುದಿಲ್ಲ. ಹೇಗೆ ಕಟ್ಟಬೇಕೆಂಬುದನ್ನು ವೃತ್ತಿ ಕಲಿಸುತ್ತದೆ. ಯಾರಿಗಾಗಿ ಕಟ್ಟಬೇಕೆಂಬುದನ್ನು ಅದೊಂದೇ ಕಲಿಸಲಾರದು ಎಂಬಷ್ಟೇ ಇದರ ತಾತ್ಪರ್ಯ.

ಕೊಲ್ಹಾಪುರದ ಇಬ್ಬರು ವಿದ್ಯಾರ್ಥಿಗಳು

ರಾಜರ ಕಾಲ ಕಳೆದು ಪ್ರಜೆಗಳ ಕಾಲ ಬಂದಾಗ ಕೊಲ್ಹಾಪುರದಲ್ಲಿ ಕಲಿತ ಇಬ್ಬರು ರಾಷ್ಟ್ರದ ಮುಂಚೂಣಿಗೆ ಬಂದರು. ಮೊದಲನೆಯವರು ಯಶವಂತರಾವ್ ಚವ್ಹಾಣ. 1913ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ ಹುಟ್ಟಿ, ಕರಾಡದಲ್ಲಿ ಓದಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಿಂದ ಪದವೀಧರರಾಗಿ, ಪುಣೆಯಲ್ಲಿ ಕಾನೂನು ಕಲಿತವರು. ಎರಡನೆಯವರು ನಮ್ಮ ಬಸಪ್ಪ ದಾನಪ್ಪ ಜತ್ತಿ. 1912ರಲ್ಲಿ ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿದ ಈ ಕನ್ನಡಿಗರು ರಾಜಾರಾಮ ಕಾಲೇಜಿನಲ್ಲಿಯೂ ಕೊಲ್ಹಾಪುರದ ಸೈಕ್ಸ್ ಕಾನೂನು ಕಾಲೇಜಿನಲ್ಲಿಯೂ ಓದಿದರು. ಒಬ್ಬರು ದೇಶದ ಉಪಪ್ರಧಾನಿಯವರೆಗೆ ಹೋದರು. ಇನ್ನೊಬ್ಬರು ಉಪರಾಷ್ಟ್ರಪತಿಗಳಾಗಿ, ಹಂಗಾಮಿ ರಾಷ್ಟ್ರಪತಿಗಳೂ ಆದರು. ಇಬ್ಬರೂ ವಕೀಲರು.

ಇದನ್ನು ನೋಡಿ ವಕೀಲಿಯೇ ನೇತೃತ್ವದ ಪಾಠಶಾಲೆ ಎಂದು ತೀರ್ಮಾನಿಸುವುದು ಸುಲಭ. ಆ ಕಾಲದ ನಾಯಕರಲ್ಲಿ ವಕೀಲರು ಬಹಳ ಮಂದಿ ಇದ್ದರೆಂಬುದೂ ನಿಜ. ಗಾಂಧೀಜಿ, ಪಟೇಲರು, ನೆಹರೂ, ರಾಜೇಂದ್ರ ಪ್ರಸಾದರು, ಕರ್ನಾಟಕದ ಎಸ್. ನಿಜಲಿಂಗಪ್ಪ, ಕೆಂಗಲ್ ಹನುಮಂತಯ್ಯ ಎಲ್ಲರೂ ಕಾನೂನು ಕಲಿತವರು. ಇದಕ್ಕೆ ಕಾರಣಗಳಿವೆ. ಸರಕಾರಿ ನೌಕರನಿಗೆ ಸರಕಾರದ ವಿರುದ್ಧ ಮಾತನಾಡುವಂತಿರಲಿಲ್ಲ. ರೈತನಿಗೆ ಹೊಲ ಬಿಟ್ಟುಬರುವಂತಿರಲಿಲ್ಲ, ನೇಕಾರನಿಗೆ ಮಗ್ಗ ನಿಲ್ಲಿಸುವಂತಿರಲಿಲ್ಲ. ವಕೀಲನ ಅನ್ನ ಸರಕಾರದ ಕೈಯಲ್ಲಿರಲಿಲ್ಲ. ಅವನ ದಿನದ ಹೊತ್ತು ಅವನದೇ ಆಗಿತ್ತು. ಹತ್ತೂರಿನ ಕಕ್ಷಿಗಾರರು ಅವನ ಮನೆಗೆ ಬರುತ್ತಿದ್ದರು. ಆಳುವವರ ಭಾಷೆಯೂ ಕಾಯಿದೆಯೂ ಅವನಿಗೆ ಗೊತ್ತಿದ್ದವು. ಹೀಗೆ ಸಾರ್ವಜನಿಕ ಜೀವನದ ಬಾಗಿಲು ವಕೀಲನಿಗೆ ಮೊದಲು ತೆರೆಯಿತು. ಆದರೆ ಬಾಗಿಲು ತೆರೆದದ್ದರಿಂದ ಒಳಗೆ ಹೋದವನು ಚೆನ್ನಾಗಿ ನಡೆದುಕೊಳ್ಳುತ್ತಾನೆ ಎಂದಾಗುವುದಿಲ್ಲ.

ಇಲ್ಲಿ ನಾವು ಸಾಮಾನ್ಯವಾಗಿ ಮಾಡುವ ಒಂದು ತಪ್ಪನ್ನು ಗಮನಿಸಬೇಕು. ಗೆದ್ದವರನ್ನು ಮಾತ್ರ ಎಣಿಸಿ, ಅವರಲ್ಲಿ ವಕೀಲರೇ ಹೆಚ್ಚೆಂದು ಹೇಳುತ್ತೇವೆ. ಅದೇ ವಕೀಲಿ ಕಲಿತು, ನಾಯಕರಾಗಲು ಹೊರಟು, ಆಗದೆ ಉಳಿದವರನ್ನು ಎಣಿಸುವುದಿಲ್ಲ. ಅಂಗಡಿಯಲ್ಲಿ ಹರಡಿದ ಒಳ್ಳೆಯ ಸೀರೆಗಳನ್ನಷ್ಟೇ ನೋಡಿ ಮಗ್ಗದ ಗುಣವನ್ನು ನಿರ್ಧರಿಸಲಾಗದೆಂಬುದನ್ನು ಇಚಲಕರಂಜಿಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಕೆಟ್ಟುಹೋದ ಮಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸೋತವರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಏನು ಕಾಣುತ್ತದೆ? 1962ರಲ್ಲಿ ಚೀನಾದ ಆಕ್ರಮಣವಾದಾಗ ರಕ್ಷಣಾ ಮಂತ್ರಿಯಾಗಿದ್ದವರು ವಿ. ಕೆ. ಕೃಷ್ಣಮೆನನ್; ಲಂಡನ್ನಿನಲ್ಲಿ ಕಾನೂನು ಕಲಿತ ಬ್ಯಾರಿಸ್ಟರರು, ವಿಶ್ವಸಂಸ್ಥೆಯಲ್ಲಿ ಭಾರತದ ಪಕ್ಷವನ್ನು ಸಮರ್ಥಿಸಿದ ವಾಗ್ಮಿಗಳು. ಯುದ್ಧದ ಸೋಲಿನ ನಂತರ ಅವರು ಸ್ಥಾನ ಬಿಡಬೇಕಾಯಿತು. ಅವರ ಜಾಗಕ್ಕೆ ಅದೇ ನವೆಂಬರಿನಲ್ಲಿ ದಿಲ್ಲಿಗೆ ಹೋದವರು ಯಶವಂತರಾವ್ ಚವ್ಹಾಣರು. ಅವರೂ ಕಾನೂನಿನ ಪದವೀಧರರೇ. ಸೈನ್ಯದ ಅನುಭವ ಅವರಿಗೂ ಇರಲಿಲ್ಲ. ಆದರೆ ಅವರು 1942ರ ಚಳವಳಿಯಲ್ಲಿ ಭೂಗತರಾಗಿ ಕೆಲಸ ಮಾಡಿದ್ದರು, ದ್ವಿಭಾಷಿಕ ಮುಂಬಯಿ ರಾಜ್ಯವನ್ನು ನಡೆಸಿದ್ದರು, 1960ರ ಮೇ 1ರಂದು ಹುಟ್ಟಿದ ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿಯಾಗಿದ್ದರು. ಸೈನ್ಯಾಧಿಕಾರಿಗಳ ಕುಂದಿದ ವಿಶ್ವಾಸವನ್ನು ಅವರು ಮರಳಿ ಕಟ್ಟಿದರು. 1965ರ ಸೆಪ್ಟೆಂಬರ್ 1ರಂದು ಛಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಮುನ್ನುಗ್ಗಿದಾಗ ವಾಯುಪಡೆಯನ್ನು ಬಳಸಲು ತಡಮಾಡದೆ ಅನುಮತಿ ಕೊಟ್ಟವರು ಅವರೇ. ಒಂದೇ ವಿದ್ಯೆ, ಒಂದೇ ಹುದ್ದೆ. ಫಲ ಮಾತ್ರ ಬೇರೆ.

ಅಮೆರಿಕದ ಇತಿಹಾಸದಲ್ಲಿಯೂ ಇಂತಹ ಜೋಡಿಯೊಂದಿದೆ. 1857ರಿಂದ ಅಧ್ಯಕ್ಷರಾಗಿದ್ದ ಜೇಮ್ಸ್ ಬುಕಾನನ್ ವಕೀಲರು, ಸೆನೆಟ್ ಸದಸ್ಯರು, ವಿದೇಶಾಂಗ ಮಂತ್ರಿಗಳು, ರಷ್ಯಾ ಮತ್ತು ಬ್ರಿಟನ್ನಿಗೆ ರಾಯಭಾರಿಗಳು ಆಗಿದ್ದವರು. ಅವರ ನಂತರ ಬಂದ ಅಬ್ರಹಾಂ ಲಿಂಕನ್ನರೂ ವಕೀಲರೇ. ಕೇಂದ್ರದಲ್ಲಿ ಒಂದೇ ಅವಧಿಯ ಪ್ರತಿನಿಧಿಯಾಗಿದ್ದುದು ಬಿಟ್ಟರೆ ಹೇಳಿಕೊಳ್ಳುವಂತಹ ಹುದ್ದೆ ಇರಲಿಲ್ಲ. ಆದರೂ ಒಡೆಯುತ್ತಿದ್ದ ದೇಶವನ್ನು ಉಳಿಸಿದವರು ಲಿಂಕನ್. ಕಾಗದದ ಮೇಲಿನ ಅರ್ಹತೆಯೇ ಮುಖ್ಯವಾಗಿದ್ದರೆ ಫಲ ಇದಕ್ಕೆ ವಿರುದ್ಧವಾಗಬೇಕಿತ್ತು.

ಹಾಗೆಂದು ಚವ್ಹಾಣರು ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದರೆಂದಲ್ಲ. 1979ರ ಜುಲೈ ತಿಂಗಳಲ್ಲಿ ಮೊರಾರ್ಜಿ ದೇಸಾಯಿಯವರ ಸರಕಾರದ ವಿರುದ್ಧ ಅವಿಶ್ವಾಸದ ನಿರ್ಣಯ ಮಂಡಿಸಿದ ಅವರು, ಕೆಲವೇ ದಿನಗಳಲ್ಲಿ ಚರಣ್ ಸಿಂಗರ ಸರಕಾರದಲ್ಲಿ ಉಪಪ್ರಧಾನಿಯಾದರು. ಆ ಸರಕಾರ ಲೋಕಸಭೆಯ ವಿಶ್ವಾಸವನ್ನು ಒಮ್ಮೆಯೂ ಪಡೆಯದೆ ರಾಜೀನಾಮೆ ಕೊಟ್ಟಿತು. ಅದೇ ಮನುಷ್ಯ, ಅದೇ ವೃತ್ತಿ. 1965ರಲ್ಲಿ ದೃಢವಾಗಿದ್ದ ಹೆಜ್ಜೆ 1979ರಲ್ಲಿ ಹಾಗೆ ಕಾಣಲಿಲ್ಲ. ವೃತ್ತಿಯಿಂದ ಮನುಷ್ಯನನ್ನು ಮುಂಗಾಣುವುದು ಕಷ್ಟವೆನ್ನುವಾಗ, ಒಂದು ಪರೀಕ್ಷೆಯಿಂದ ಮತ್ತೊಂದನ್ನು ಮುಂಗಾಣುವುದೂ ಸುಲಭವಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಜತ್ತಿಯವರ ದಾರಿ

ಜತ್ತಿಯವರ ಜೀವನ ಈ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರ ಕೊಡುತ್ತದೆ. ಕೊಲ್ಹಾಪುರದಿಂದ ಮರಳಿ ಜಮಖಂಡಿಯಲ್ಲಿ ವಕೀಲಿ ಆರಂಭಿಸಿದ ಅವರು 1940ರಲ್ಲಿ ಅಲ್ಲಿಯ ನಗರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಆ ಬಳಿಕ ಜಮಖಂಡಿ ಸಂಸ್ಥಾನದ ಶಾಸನಸಭೆ, ಮಂತ್ರಿಪದವಿ, ಮುಖ್ಯಮಂತ್ರಿ ಸ್ಥಾನ. 1948ರ ಮಾರ್ಚಿನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಅವರ ಅಧಿಕಾರವೂ ಮುಗಿಯಿತು. ಅವರು ಕರಿಕೋಟು ತೊಟ್ಟು ಮತ್ತೆ ಕೋರ್ಟಿಗೆ ನಡೆದರು. ಮುಂದೆ ಮುಂಬಯಿ ವಿಧಾನಸಭೆಗೆ ಹೋಗಿ ಬಿ. ಜಿ. ಖೇರರಿಗೆ ಸಂಸದೀಯ ಕಾರ್ಯದರ್ಶಿಯಾದರು. 1952ರ ನಂತರ ಉಪಮಂತ್ರಿಯಾದರು. ಕರ್ನಾಟಕ ಏಕೀಕರಣದ ನಂತರ 1958ರ ಮೇ ತಿಂಗಳಿನಿಂದ 1962ರ ಮಾರ್ಚಿನವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಮುಖ್ಯಮಂತ್ರಿಯಾಗಿದ್ದವರು ಆನಂತರ ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವರಾಗಿ ಕೆಲಸ ಮಾಡಲು ಹಿಂಜರಿಯಲಿಲ್ಲ. ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, ಒಡಿಶಾದ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ: ಹೀಗೆ ಅವರು ಒಂದೊಂದೇ ಮೆಟ್ಟಿಲು ಹತ್ತಿದರು. ಆ ಏಣಿಯ ಮೊದಲ ಮೆಟ್ಟಿಲು ಊರ ನಗರಸಭೆ.

ಭೂಸುಧಾರಣೆಯ ವಿಷಯದಲ್ಲಿ ಅವರ ವೃತ್ತಿಯ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಹೊಸ ರಾಜ್ಯದ ಭೂಸುಧಾರಣಾ ಸಮಿತಿಗೆ ಅಧ್ಯಕ್ಷರಾಗಿದ್ದವರು ಜತ್ತಿಯವರು. ಐದು ಪ್ರದೇಶಗಳಿಂದ ಕೂಡಿದ ರಾಜ್ಯದಲ್ಲಿ ಐದು ಬಗೆಯ ಗೇಣಿ ಪದ್ಧತಿಗಳಿದ್ದವು; ಅವನ್ನೆಲ್ಲ ಒಂದು ಕಾಯಿದೆಯಡಿ ತರುವುದು ಕಾನೂನು ಬಲ್ಲವರು ಮಾಡಬೇಕಾದ ಕೆಲಸ. 1961ರ ಮೈಸೂರು ಭೂಸುಧಾರಣಾ ಕಾಯಿದೆ ಹೀಗೆ ರೂಪುಗೊಂಡು 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ಆದರೆ ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯನು ಭೂಮಿಯನ್ನು ಮರಳಿ ಪಡೆಯಲು ಅದರಲ್ಲಿ ಅವಕಾಶವಿತ್ತು. ಆ ಕಾಯಿದೆಗೆ ಜೀವ ತುಂಬಿದವರು ಹುಣಸೂರು ಬಳಿಯ ಕಲ್ಲಹಳ್ಳಿಯಲ್ಲಿ ಬೇಸಾಯ ಮಾಡುತ್ತಿದ್ದ ದೇವರಾಜ ಅರಸರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ತಾಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಬಂದವು. ಉಳುವವನೇ ಭೂಮಿಯ ಒಡೆಯನಾಗುವ ದಾರಿ ತೆರೆಯಿತು. ಆ ನ್ಯಾಯಮಂಡಳಿಗಳ ಮುಂದೆ ವಕೀಲರು ಹಾಜರಾಗಬಾರದೆಂದು ಕಾಯಿದೆಯಲ್ಲಿಯೇ ಬರೆಯಲಾಯಿತು. ವಕೀಲರು ಬರೆದ ಕಾಯಿದೆ ಬಡ ಗೇಣಿದಾರನಿಗೆ ತಲುಪಬೇಕಾದಾಗ ವಕೀಲರನ್ನು ಹೊರಗಿಡಬೇಕಾಯಿತು! ಆದರೆ ಮೊದಲ ಕಾಯಿದೆಯ ಚೌಕಟ್ಟೇ ಇರದಿದ್ದರೆ ತಿದ್ದಲು ಏನೂ ಇರುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು. ಅರಸರು ತಾವೇ ಭೂಮಿಯುಳ್ಳ ಕುಟುಂಬದವರು. ಅವರ ಬೇಸಾಯವನ್ನು ನೋಡಿ ಈ ಕಾಯಿದೆಯನ್ನು ಯಾರೂ ಮುಂಗಾಣುತ್ತಿರಲಿಲ್ಲ.

ಜತ್ತಿಯವರ ದೊಡ್ಡ ಪರೀಕ್ಷೆ 1977ರಲ್ಲಿ ಬಂದಿತು. ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ತುರ್ತುಪರಿಸ್ಥಿತಿಯ ನಂತರದ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು. ಜೀವನವಿಡೀ ಕಾಂಗ್ರೆಸ್ಸಿನಲ್ಲಿ ಬೆಳೆದ ಅವರು ಮಾರ್ಚ್ 24ರಂದು ಮೊದಲ ಕಾಂಗ್ರೆಸ್ಸೇತರ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದರು. ಏಪ್ರಿಲಿನಲ್ಲಿ ಹೊಸ ಸರಕಾರ ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಮುಂದಾಯಿತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಅವುಗಳ ದಾವೆ ವಜಾ ಆಯಿತು. ಮಂತ್ರಿಮಂಡಲದ ಸಲಹೆ ಬಂದಾಗ ಜತ್ತಿಯವರು ಕೂಡಲೇ ಸಹಿ ಮಾಡಲಿಲ್ಲ. ದಿಲ್ಲಿಯಲ್ಲಿ ಕೋಲಾಹಲವೆದ್ದಿತು. ಏಪ್ರಿಲ್ 30ರಂದು ಅವರು ಸಹಿ ಮಾಡಿದರು.

ಇದನ್ನು ಎರಡು ರೀತಿಯಲ್ಲಿ ಓದಲಾಗಿದೆ. ಹಳೆಯ ಪಕ್ಷದ ಮೇಲಿನ ನಿಷ್ಠೆಯಿಂದ ತಡಮಾಡಿದರೆಂದು ಕೆಲವರು, ಚುನಾಯಿತ ಸಭೆಗಳನ್ನು ಒಂದೇ ಗೀಟಿನಲ್ಲಿ ಅಳಿಸುವ ಮೊದಲು ವಿವೇಚಿಸಿದರೆಂದು ಇನ್ನು ಕೆಲವರು ಹೇಳಿದರು. ನಮಗೆ ಕಾಣುವುದು ಇಷ್ಟು: ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕೆಂದು 42ನೆಯ ತಿದ್ದುಪಡಿ ಅದಾಗಲೇ ಬರೆದಿತ್ತು; ಸಲಹೆಯನ್ನು ಮರುಪರಿಶೀಲನೆಗೆ ಕಳಿಸುವ ದಾರಿಯನ್ನು ಅದು ಹೇಳಿರಲಿಲ್ಲ. ವಕೀಲರಾದ ಜತ್ತಿಯವರು ಆ ಇಕ್ಕಟ್ಟಿನಲ್ಲಿ ಒಂದು ದಿನ ನಿಂತರು, ಅನಂತರ ಸಂವಿಧಾನ ಹೇಳಿದಂತೆ ನಡೆದರು. ಮುಂದಿನ ವರ್ಷ ಬಂದ 44ನೆಯ ತಿದ್ದುಪಡಿಯು ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಸ್ಪಷ್ಟವಾಗಿ ಕೊಟ್ಟಿತು. ಅವರು ಸಹಿ ಮಾಡದೆ ಹಟ ಹಿಡಿದಿದ್ದರೆ ಬಿಕ್ಕಟ್ಟಾಗುತ್ತಿತ್ತು. ಆ ಬಿಕ್ಕಟ್ಟು ಆಗಲಿಲ್ಲವೆಂಬುದನ್ನು ನಾವು ಅವರ ಯಶಸ್ಸೆಂದೇ ಎಣಿಸುತ್ತೇವೆ. ಅಂತಹ ಯಶಸ್ಸಿಗೆ ಮೆರವಣಿಗೆ ಇರುವುದಿಲ್ಲ.

ಇಂಜಿನಿಯರರ ಸಾಕ್ಷಿ

ವಕೀಲಿಯನ್ನು ಬಿಟ್ಟು ಬೇರೆ ವೃತ್ತಿಗಳನ್ನು ನೋಡೋಣ. ಹರ್ಬರ್ಟ್ ಹೂವರ್ ಗಣಿ ಇಂಜಿನಿಯರರು. ಮೊದಲ ಮಹಾಯುದ್ಧದಲ್ಲಿ ಹಸಿದ ಬೆಲ್ಜಿಯಮ್ಮಿಗೆ ಆಹಾರ ತಲುಪಿಸುವ ಬೃಹತ್ ಕಾರ್ಯವನ್ನು ಸಂಘಟಿಸಿ ಲೋಕಪ್ರಸಿದ್ಧರಾದವರು. 1929ರಲ್ಲಿ ಅಮೆರಿಕದ ಅಧ್ಯಕ್ಷರಾದಾಗ ಅವರಷ್ಟು ದಕ್ಷರು ಬೇರಿಲ್ಲವೆಂಬ ಭಾವನೆಯಿತ್ತು. ಅದೇ ವರ್ಷ ಆರ್ಥಿಕ ಮಹಾಕುಸಿತ ಬಂದಿತು. 1932ರ ಚುನಾವಣೆಯಲ್ಲಿ ಅವರು ಹೀನಾಯವಾಗಿ ಸೋತರು.

ನಮ್ಮವರೇ ಆದ ಎಚ್. ಡಿ. ದೇವೇಗೌಡರು ಹಾಸನದಲ್ಲಿ ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ ಪಡೆದವರು, ಗುತ್ತಿಗೆದಾರರಾಗಿದ್ದವರು, ಸಹಕಾರ ಸಂಘದಲ್ಲಿ ದುಡಿದವರು, 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಬಂದವರು, ಮುಂದೆ ರಾಜ್ಯದ ನೀರಾವರಿ ಸಚಿವರಾದವರು. 1996ರ ಜೂನ್ 1ರಂದು ಪ್ರಧಾನಿಯಾದರು. ಅದೇ ಡಿಸೆಂಬರ್ 12ರಂದು ಬಾಂಗ್ಲಾದೇಶದೊಡನೆ ಗಂಗಾ ನೀರಿನ ಹಂಚಿಕೆಯ ಮೂವತ್ತು ವರ್ಷಗಳ ಒಪ್ಪಂದಕ್ಕೆ ಸಹಿ ಮಾಡಿದರು. ಜೀವಮಾನವೆಲ್ಲ ನೀರಿನ ಪ್ರಶ್ನೆಯೊಡನೆ ಕಳೆದವರ ಕಾಲದಲ್ಲಿ ಇಂತಹ ಒಪ್ಪಂದವಾದದ್ದು ಸಹಜವೆನಿಸುತ್ತದೆ. ಆದರೆ ಅವರ ಸರಕಾರ ಹನ್ನೊಂದೇ ತಿಂಗಳಿಗೆ ಬಿದ್ದದ್ದು ನೀರಿನಿಂದಲೂ ಅಲ್ಲ, ಇಂಜಿನಿಯರಿಂಗಿನಿಂದಲೂ ಅಲ್ಲ. ಹೊರಗಿನಿಂದ ಬೆಂಬಲಿಸಿದ ಪಕ್ಷ ಕೈ ತೆಗೆದದ್ದರಿಂದ. ನಾಯಕನು ಮೊದಲು ಯಾವ ಕೆಲಸಕ್ಕೆ ಕೈಹಾಕುತ್ತಾನೆಂಬುದನ್ನು ವೃತ್ತಿ ಕೆಲಮಟ್ಟಿಗೆ ಹೇಳಬಲ್ಲದು. ಎಷ್ಟು ದಿನ ಉಳಿಯುತ್ತಾನೆ, ಅನಿರೀಕ್ಷಿತ ಸಂಕಟದಲ್ಲಿ ಏನು ಮಾಡುತ್ತಾನೆ ಎಂಬುದನ್ನು ಅದು ಹೇಳಲಾರದು.

ರಾಜೇಂದ್ರ ಪ್ರಸಾದರ ಎರಡು ಕೊರಗುಗಳು

1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾದ ಸಭೆಯಲ್ಲಿ ಅಧ್ಯಕ್ಷ ರಾಜೇಂದ್ರ ಪ್ರಸಾದರು ತಮಗೆ ಎರಡು ಕೊರಗುಗಳು ಉಳಿದಿವೆಯೆಂದರು. ಕಾಯಿದೆ ನಡೆಸುವವರಿಗೆ ಉನ್ನತ ವಿದ್ಯಾರ್ಹತೆ ಬೇಕೆನ್ನುವ ನಾವು ಕಾಯಿದೆ ಮಾಡುವವರಿಗೆ ಯಾವ ಅರ್ಹತೆಯನ್ನೂ ವಿಧಿಸಲಿಲ್ಲವೆಂಬುದು ಒಂದು. ಸ್ವತಂತ್ರ ಭಾರತದ ಮೊದಲ ಸಂವಿಧಾನವನ್ನು ಭಾರತೀಯ ಭಾಷೆಯಲ್ಲಿ ಬರೆಯಲಾಗಲಿಲ್ಲವೆಂಬುದು ಇನ್ನೊಂದು. ಅರ್ಹತೆಯ ಕೊರಗನ್ನು ಹೇಳಿದಾಗಲೂ, ಬೌದ್ಧಿಕ ಸಾಮರ್ಥ್ಯದ ಜೊತೆಗೆ ಸ್ವತಂತ್ರ ವಿವೇಚನೆ ಮತ್ತು ಶೀಲ ಬೇಕೆಂದು ಅವರು ಒತ್ತಿ ಹೇಳಿದರು. ಶೀಲವನ್ನು ಅಳೆಯುವ ಕೋಲು ಇಲ್ಲವೆಂಬುದನ್ನೂ ಒಪ್ಪಿಕೊಂಡರು.

ಆ ಸಂವಿಧಾನ ಸಭೆಯ ಸದಸ್ಯರಲ್ಲಿ ನಮ್ಮ ಜಿಲ್ಲೆಯ ರತ್ನಪ್ಪ ಕುಂಭಾರರೂ ಇದ್ದರು. ಶಿರೋಳ ತಾಲೂಕಿನ ನಿಮಶಿರಗಾವದ ಕುಂಬಾರ ಮನೆತನದವರು. ಸಂಸ್ಥಾನದ ಆಡಳಿತದ ವಿರುದ್ಧ ಪ್ರಜಾ ಪರಿಷತ್ತನ್ನು ಕಟ್ಟಿದವರಲ್ಲಿ ಒಬ್ಬರು. ಅವರು ದಿಲ್ಲಿಯ ದೊಡ್ಡ ಹುದ್ದೆಗಳಿಗೆ ಏರಲಿಲ್ಲ. ಆದರೆ ಇಚಲಕರಂಜಿಯ ಬಳಿ ಪಂಚಗಂಗಾ ಸಹಕಾರಿ ಸಕ್ಕರೆ ಕಾರಖಾನೆಯನ್ನು ಕಟ್ಟಿದರು. ಕಬ್ಬು ಬೆಳೆಯುವವನೇ ಕಾರಖಾನೆಯ ಪಾಲುದಾರನಾಗಬಹುದೆಂಬ ವಿಚಾರ ನಮ್ಮ ತಾಲೂಕುಗಳ ಬಾಳನ್ನು ಬದಲಿಸಿತು. ರಾಷ್ಟ್ರನಾಯಕರಾಗುವುದಕ್ಕೆ ದಿಲ್ಲಿಯ ಕುರ್ಚಿಯೇ ಬೇಕೆಂಬ ನಿಯಮವಿಲ್ಲ ಎಂಬುದನ್ನು ಅವರ ಬದುಕು ತೋರಿಸುತ್ತದೆ.

ಹಾಗಾದರೆ ನಮ್ಮ ತೀರ್ಮಾನವೇನು? ವೃತ್ತಿ ವ್ಯರ್ಥವೆಂದು ನಾವು ಹೇಳುವುದಿಲ್ಲ. ಕಾನೂನು ಅರಿಯದೆ ಭೂಮಿಯ ಕಾಯಿದೆ ಬರೆಯಲಾಗದು, ಲೆಕ್ಕ ಅರಿಯದೆ ಅಣೆಕಟ್ಟು ನಿಲ್ಲದು. ಆದರೆ ಬಟ್ಟೆಗೆ ಹಾಸು ಮಾತ್ರ ಸಾಲದು, ಹೊಕ್ಕೂ ಬೇಕು. ಕಲಿತ ವೃತ್ತಿ ಹಾಸು. ಜನರೆದುರಿಗೆ ಉತ್ತರ ಕೊಡುತ್ತ ಕಳೆದ ವರ್ಷಗಳು ಹೊಕ್ಕು. ಮೇಲಿನ ಉದಾಹರಣೆಗಳಲ್ಲಿ ಪರೀಕ್ಷೆಗೆ ನಿಂತ ಹೆಚ್ಚಿನವರು ದೊಡ್ಡ ಹುದ್ದೆಗೆ ಮೊದಲು ಚಿಕ್ಕ ಕೆಲಸಗಳಲ್ಲಿ ಬೆಂದವರು: ಪತ್ರಿಕೆ, ಚಳವಳಿ, ನಗರಸಭೆ, ಸಹಕಾರ ಸಂಘ. ಇದೂ ಖಚಿತವಾದ ಸೂತ್ರವಲ್ಲ. ಬುಕಾನನ್ನರಿಗೆ ಅನುಭವದ ಕೊರತೆಯಿರಲಿಲ್ಲ. ಆದರೆ ಪದವಿಯ ಹೆಸರಿಗಿಂತ ಇದು ಉತ್ತಮ ಸೂಚನೆ. ಆದ್ದರಿಂದ ಅಭ್ಯರ್ಥಿ ಮನೆಗೆ ಬಂದಾಗ ‘ನೀವು ಏನು ಕಲಿತಿರಿ?’ ಎಂದು ಕೇಳಿ ನಿಲ್ಲಿಸಬಾರದು. ‘ಅಧಿಕಾರ ಇಲ್ಲದಿದ್ದಾಗ ಯಾರಿಗಾಗಿ ಏನು ಮಾಡಿದಿರಿ? ತಪ್ಪಿದಾಗ ಯಾರಿಗೆ ಲೆಕ್ಕ ಒಪ್ಪಿಸಿದಿರಿ?’ ಎಂದೂ ಕೇಳಬೇಕು. ಮಾಣಗಾವದಲ್ಲಿ ಶಾಹೂ ಮಹಾರಾಜರು ನೋಡಿದ್ದು ಅದನ್ನೇ.

ಪಾಲಕರಿಗೂ ಇದೇ ನಮ್ಮ ಉತ್ತರ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಪಾಲಕರ ಉದ್ಯೋಗವನ್ನು ಬರೆಯುವ ಅಂಕಣವಿದೆ. ನೇಕಾರಿಕೆ, ಒಕ್ಕಲುತನ, ಕೂಲಿ, ನೌಕರಿ, ವ್ಯಾಪಾರ ಎಂದು ನಮ್ಮ ಗುರುಗಳು ಆ ಅಂಕಣವನ್ನು ತಲೆಮಾರುಗಳಿಂದ ತುಂಬುತ್ತ ಬಂದಿದ್ದಾರೆ. ಮಗು ಮುಂದೆ ಏನಾಗುವುದೆಂದು ಬರೆಯುವ ಅಂಕಣ ಅದರಲ್ಲಿಲ್ಲ. ಇರಬಾರದೆಂದೇ ನಾವು ಭಾವಿಸುತ್ತೇವೆ. ಮರಾಠಿ ನಾಡಿನ ನಡುವೆ ಕನ್ನಡದಲ್ಲಿ ಅಕ್ಷರ ಕಲಿತ ಮಗು ಯಾವ ವೃತ್ತಿಗಾದರೂ ಹೋಗಲಿ. ವರ್ಗದಲ್ಲಿ ಹಿಂದೆ ಕುಳಿತವನ ಪರವಾಗಿ ಎದ್ದುನಿಂತು ಮಾತನಾಡುವುದನ್ನು, ಮಾತಿಗೆ ತಪ್ಪಿದಾಗ ಒಪ್ಪಿಕೊಳ್ಳುವುದನ್ನು ಅದು ಇಲ್ಲಿ ಕಲಿತರೆ ಶಾಲೆ ತನ್ನ ಪಾಲನ್ನು ಸಲ್ಲಿಸಿದಂತೆ. ಎರಡನೆಯ ಶತಮಾನಕ್ಕೆ ಕಾಲಿಡುವ ಹೊತ್ತಿನಲ್ಲಿ ನಾವು ಕೊಡಬಲ್ಲ ಭರವಸೆ ಅದು.